ಬೇಸಿಗೆ ರಜೆಯ ನೂಕುನುಗ್ಗಲಿಗೆ ಅಂಗಡಿಯ ಒಳಗಿನ ಜೋಡಣೆಯನ್ನು ಹೇಗೆ ಬದಲಿಸಬೇಕು?

ಬಟ್ಟೆ, ಪ್ರಯಾಣದ ಚೀಲ, ಆಟಿಕೆ ಮಾರುವ ಮಧ್ಯಮ ಗಾತ್ರದ ಮಳಿಗೆ ನಿಮ್ಮದು, ರಜೆಯ ಸ್ಟಾಕ್ ಬಂದಿಳಿದಿದೆ, ಅದನ್ನೆಲ್ಲ ಬಾಗಿಲಲ್ಲೇ ದೊಡ್ಡದಾಗಿ ಜೋಡಿಸಿದರೆ ಹೇಗೆ ಎಂದು ಕೇಳಿದ್ದೀರಿ. ಬೇಡ. ಮಳಿಗೆಗಳ ಒಳಜೋಡಣೆ ನೋಡಿಕೊಳ್ಳುವುದೇ ನನ್ನ ಕೆಲಸ. ಸೀಸನ್ನಿಗೆ ಮುಂಚೆ ನಾನು ಮಾಡುವ ಮೊದಲ ಪಟ್ಟಿ ಏನನ್ನು ಇಡಬೇಕು ಎಂಬುದರದ್ದಲ್ಲ, ಏನನ್ನು ತೆಗೆದು ಗೋದಾಮಿಗೆ ಸಾಗಿಸಬೇಕು ಎಂಬುದರದ್ದು. ಬೇರೆ ದಿನಗಳಲ್ಲಿ ಗಿರಾಕಿ ಒಬ್ಬರೇ ಬಂದು ಹೋಗುತ್ತಾರೆ. ರಜೆಯಲ್ಲಿ ಇಡೀ ಕುಟುಂಬ ಬರುತ್ತದೆ: ತಳ್ಳುಗಾಡಿಯಲ್ಲಿ ಒಂದು ಮಗು, ಕೈ ಬಿಡಿಸಿಕೊಂಡು ಓಡುವ ಇನ್ನೊಂದು, ಕೂರಲು ಜಾಗ ಹುಡುಕುವ ಅಜ್ಜ. ಅಂಗಡಿ ಅಷ್ಟೇ ದೊಡ್ಡದಿದ್ದರೂ ಓಡಾಡುವ ದಾರಿ ಅರ್ಧವಾಗುತ್ತದೆ.

ಆದ್ದರಿಂದ ಮೊದಲು ಅಳತೆ ಪಟ್ಟಿ ಹಿಡಿಯಿರಿ. ಗಾಲಿಕುರ್ಚಿ ಸಲೀಸಾಗಿ ಸಾಗಲು ಸುಮಾರು 90 ಸೆಂಟಿಮೀಟರ್ ಅಗಲದ ದಾರಿ ಬೇಕು, ತಿರುಗಿಸಲು 150. ಎದುರುಬದುರಾಗಿ ಬಂದ ಇಬ್ಬರು ಮೈ ತಾಕಿಸದೆ ದಾಟಿಹೋಗಲು 120 ಬೇಕು. ಮುಖ್ಯ ದಾರಿಗೆ 150ಕ್ಕಿಂತ ಕಡಿಮೆ ಕೊಡಬೇಡಿ. ಅಳೆಯುವಾಗ ರ‍್ಯಾಕಿನ ಕಬ್ಬಿಣದಿಂದ ಕಬ್ಬಿಣಕ್ಕೆ ಅಳೆಯುವವರೇ ಹೆಚ್ಚು. ಅದು ಸರಿಯಲ್ಲ. ಹ್ಯಾಂಗರಿನಲ್ಲಿ ನೇತುಹಾಕಿದ ಅಂಗಿಯ ತೋಳು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅಳೆಯಬೇಕು. ‘ಸೀಸನ್ ಮುಗಿಯುವವರೆಗೆ ಇರಲಿ’ ಎಂದು ನೆಲದ ಮೇಲಿಟ್ಟ ಬುಟ್ಟಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾಗದದ ನಕ್ಷೆಯಲ್ಲಿ 150 ಇದ್ದ ದಾರಿ ನೆಲದ ಮೇಲೆ 95 ಆಗಿರುವುದು ಇಂಥದ್ದರಿಂದಲೇ.

ಇನ್ನೊಂದನ್ನು ಗಮನಿಸಿ. ರ‍್ಯಾಕಿನ ಕೆಳಗಿನ ಹಲಗೆಯಲ್ಲಿರುವ ಚಪ್ಪಲಿ ನೋಡಲು ಬಗ್ಗಿದವರ ಬೆನ್ನು ದಾರಿಯಲ್ಲಿರುತ್ತದೆ. ಹಿಂದಿನಿಂದ ಒಬ್ಬರು ತಾಕಿಕೊಂಡು ಹೋದರೆ ಸುಮ್ಮನಿರುತ್ತಾರೆ, ಎರಡನೆಯವರು ತಾಕಿದರೆ ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟು ಎದ್ದುಬಿಡುತ್ತಾರೆ. ಯೋಚಿಸಿ ಕೊಳ್ಳುವ ಸರಕನ್ನು, ಎಂದರೆ ಹಾಕಿ ನೋಡಬೇಕಾದ ಪಾದರಕ್ಷೆ, ಜಿಪ್ ಎಳೆದು ನೋಡಬೇಕಾದ ಚೀಲಗಳನ್ನು ಮುಖ್ಯ ದಾರಿಯಿಂದ ಒಳಕ್ಕೆ ಸರಿಸಿ.

ಈಗ ಬಾಗಿಲಿನ ವಿಷಯ. ಸುಡುಬಿಸಿಲಿನಿಂದ ಒಳಗೆ ಬಂದವರ ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಳ್ಳಲು ತುಸು ಹೊತ್ತು ಬೇಕು. ಆ ಮೊದಲ ನಾಲ್ಕು ಹೆಜ್ಜೆಗಳಲ್ಲಿ ಅವರು ಕನ್ನಡಕ ತೆಗೆಯುತ್ತಿರುತ್ತಾರೆ, ಮಕ್ಕಳನ್ನು ಕರೆಯುತ್ತಿರುತ್ತಾರೆ. ನೀವು ಕಷ್ಟಪಟ್ಟು ಕಟ್ಟಿದ ಗೋಪುರ ಅವರ ಕಣ್ಣಿಗೆ ಬೀಳುವುದಿಲ್ಲ, ಕಾಲಿಗೆ ಮಾತ್ರ ಅಡ್ಡ ಬರುತ್ತದೆ. ಅಷ್ಟು ಜಾಗವನ್ನು ಖಾಲಿ ಬಿಟ್ಟು, ಅದರಾಚೆಗೆ ಮೊದಲ ಮೇಜು ಹಾಕಿ. ಬುಟ್ಟಿಗಳನ್ನೂ ಬಾಗಿಲಲ್ಲೇ ಪೇರಿಸಬೇಡಿ. ಎರಡು ವಸ್ತು ಕೈಗೆ ಬಂದ ಮೇಲೆ ಜನರಿಗೆ ಬುಟ್ಟಿಯ ನೆನಪಾಗುತ್ತದೆ, ಆ ಹೊತ್ತಿಗೆ ಅವರಿರುವುದು ಅಂಗಡಿಯ ನಡುವೆ. ಬಿಸಿಲು ಬೀಳುವ ಗಾಜಿನ ಕಿಟಕಿಯಲ್ಲಿ ಸನ್‌ಸ್ಕ್ರೀನ್, ಪವರ್ ಬ್ಯಾಂಕ್ ಇಡಬಾರದು: ಶಾಖಕ್ಕೆ ಮೊದಲನೆಯದು ಕೆಡುತ್ತದೆ, ಎರಡನೆಯದು ಅಪಾಯ. ಅಲ್ಲಿ ತೋರಿಸಲೇಬೇಕೆಂದರೆ ಖಾಲಿ ಪೆಟ್ಟಿಗೆ ಸಾಕು.

ಇಷ್ಟೆಲ್ಲ ಮಾಡಿದರೂ ಸೀಸನ್ ಗೆಲ್ಲುವುದು, ಸೋಲುವುದು ಬಿಲ್ಲಿಂಗ್ ಕೌಂಟರಿನ ಮುಂದೆ. ಒಂದೇ ಕೌಂಟರ್ ಇದ್ದು, ಒಬ್ಬರ ಬಿಲ್ಲಿಗೆ ಸರಾಸರಿ 2 ನಿಮಿಷ ಹಿಡಿಯುತ್ತದೆ ಎನ್ನಿ. ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ, ಕೆಲವರ ಬಿಲ್ ಬೇಗ ಮುಗಿಯುತ್ತದೆ, ಕೆಲವರದು ಎಳೆಯುತ್ತದೆ. ಗಂಟೆಗೆ 24 ಜನ ಬಂದರೆ ಸರದಿಯಲ್ಲಿ ಕಾಯುವ ಸರಾಸರಿ ಸಮಯ 8 ನಿಮಿಷ. 27 ಜನ ಬಂದರೆ? 18 ನಿಮಿಷ! ಹೆಚ್ಚಾದದ್ದು ಮೂರೇ ಜನ, ಕಾಯುವುದು ಎರಡು ಪಟ್ಟಿಗೂ ಮಿಗಿಲು. ಇದು ನನ್ನ ಕಲ್ಪನೆಯಲ್ಲ, ಸರದಿಯ ಗಣಿತ. 1909ರಲ್ಲಿ ಕೋಪನ್‌ಹೇಗನ್ನಿನ ಎರ್ಲಾಂಗ್ ಎಂಬ ಗಣಿತಜ್ಞ ದೂರವಾಣಿ ಕರೆಗಳ ದಟ್ಟಣೆ ಲೆಕ್ಕಹಾಕಲು ಹೊರಟಾಗ ಶುರುವಾದ ಶಾಸ್ತ್ರ ಅದು. ಕರೆಯಾದರೇನು, ಗಿರಾಕಿಯಾದರೇನು, ಲೆಕ್ಕ ಒಂದೇ.

ಹಾಗಾಗಿ ಕೌಂಟರಿನಿಂದ ಹೊರೆ ಇಳಿಸಿ. ಹ್ಯಾಂಗರ್ ತೆಗೆಯುವುದು, ಮಡಚುವುದು, ಉಡುಗೊರೆಗೆ ಕಾಗದ ಸುತ್ತುವುದು ಪಕ್ಕದ ಮೇಜಿಗೆ ಹೋಗಲಿ. ಬದಲಾಯಿಸಿಕೊಳ್ಳಲು ಬಂದವರಿಗೆ ಬೇರೆ ಜಾಗ ಇರಲಿ, ಒಂದು ಜಗಳ ಹತ್ತು ಜನರನ್ನು ನಿಲ್ಲಿಸುತ್ತದೆ. ಎರಡು ಮೂರು ಕೌಂಟರ್‌ಗಳಿದ್ದರೆ ಎಲ್ಲಕ್ಕೂ ಸೇರಿ ಒಂದೇ ಸಾಲು ಮಾಡಿ. ನಿಧಾನದ ಕೌಂಟರಿಗೆ ಸಿಕ್ಕಿಬಿದ್ದೆ ಎಂದು ಯಾರೂ ಗೊಣಗುವುದಿಲ್ಲ. ಆ ಸಾಲು ನಿಲ್ಲುವುದು ಎಲ್ಲಿ ಎಂಬುದನ್ನು ಈಗಲೇ ನೆಲಕ್ಕೆ ಟೇಪ್ ಅಂಟಿಸಿ ನೋಡಿ. ಒಬ್ಬರಿಗೆ 70 ಸೆಂಟಿಮೀಟರ್ ಎಂದರೂ ಹನ್ನೆರಡು ಜನಕ್ಕೆ ಎಂಟು ಮೀಟರ್ ದಾಟುತ್ತದೆ. ಟ್ರಯಲ್ ರೂಮಿನ ಬಾಯಿಗೋ ತುರ್ತು ಬಾಗಿಲಿಗೋ ಅದು ಅಡ್ಡ ಬರುತ್ತಿದ್ದರೆ ರ‍್ಯಾಕ್ ಸರಿಸಬೇಕು, ವಿಧಿಯಿಲ್ಲ. ಸಾಲಿನ ಪಕ್ಕದಲ್ಲಿ ಟೋಪಿ, ಬೀಗ, ಲಗೇಜ್ ಚೀಟಿಯಂಥ ಸಣ್ಣ ಸರಕು ಇಡಬಹುದು. ಸೈಜ್ ಕೇಳುವ ಯಾವುದನ್ನೂ ಅಲ್ಲಿಡಬೇಡಿ.

ಉಳಿದದ್ದು ಸುಲಭ. ಸರಕನ್ನು ವಿಭಾಗದ ಪ್ರಕಾರ ಜೋಡಿಸುವ ಬದಲು ಪ್ರವಾಸದ ಪ್ರಕಾರ ಜೋಡಿಸಿ: ಈಜುಡುಗೆಯ ಪಕ್ಕದಲ್ಲೇ ಈಜು ಕನ್ನಡಕ, ಟವೆಲ್, ನೀರು ಹೋಗದ ಮೊಬೈಲ್ ಚೀಲ. ಸೂಟ್‌ಕೇಸ್‌ಗಳನ್ನು ಒಂದರೊಳಗೊಂದು ಸೇರಿಸಿಟ್ಟು, ಒಂದೊಂದು ಮಾದರಿಯನ್ನು ಮಾತ್ರ ಸೊಂಟದ ಎತ್ತರದಲ್ಲಿ ತೆರೆದಿಡಿ. ಎಲ್ಲರಿಗೂ ಬೇಕಾದ ಸರಕನ್ನು ಹಿಂದಿನ ಮೂಲೆಯಲ್ಲಿಟ್ಟರೆ ಜನ ಇಡೀ ಅಂಗಡಿ ಸುತ್ತುತ್ತಾರೆ ಎಂಬ ಹಳೆಯ ಉಪದೇಶವನ್ನು ಯಾರಾದರೂ ಕೊಡಬಹುದು. ಜನ ಕಡಿಮೆಯಿರುವ ತಿಂಗಳುಗಳಿಗೆ ಅದು ಸರಿ. ಮುಗಿಬೀಳುವ ಕಾಲದಲ್ಲಿ ಹೋಗುವವರೂ ಬರುವವರೂ ಒಂದೇ ಓಣಿಯಲ್ಲಿ ಡಿಕ್ಕಿ ಹೊಡೆಯುತ್ತಾರೆ. ನಾನಾದರೆ ಅದನ್ನು ಬಾಗಿಲಿಗೂ ಹಿಂದಿನ ಗೋಡೆಗೂ ನಡುವೆ, ಪಕ್ಕದ ಗೋಡೆಗೆ ಹಾಕುತ್ತೇನೆ.

ಮೇಲಿನ ಹಲಗೆಯಲ್ಲಿ ಹೆಚ್ಚುವರಿ ಸ್ಟಾಕ್ ಪೇರಿಸುವಾಗ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಕೆಳಗೆ ಕನಿಷ್ಠ 45 ಸೆಂಟಿಮೀಟರ್ ತೆರವಿರಲಿ. ತುರ್ತು ದಾರಿಯಲ್ಲಿ ಒಂದು ದಿನದ ಮಟ್ಟಿಗೂ ಪೆಟ್ಟಿಗೆ ಬೇಡ.

ಎಲ್ಲ ಮುಗಿದ ಮೇಲೆ, ಅಂಗಡಿಯನ್ನು ಎಂದೂ ನೋಡದ ಒಬ್ಬರ ಕೈಗೆ ಮಗುವಿನ ತಳ್ಳುಗಾಡಿ ಕೊಟ್ಟು ಮೂರು ವಸ್ತು ಹುಡುಕಿ ತರಲು ಹೇಳಿ, ನೀವು ಬಾಯಿ ಬಿಡದೆ ಹಿಂದೆ ನಡೆಯಿರಿ. ಅವರು ನಿಂತು ಸುತ್ತ ನೋಡಿದ ಕಡೆಯೇ ಫಲಕ ಬೇಕಾದ ಜಾಗ, ಗಾಡಿ ಹಿಂದಕ್ಕೆ ಎಳೆದುಕೊಂಡ ಕಡೆ ರ‍್ಯಾಕ್ ತೆಗೆಯಬೇಕಾದ ಜಾಗ. ನಿಮ್ಮಲ್ಲಿ ಎಷ್ಟು ಕೌಂಟರ್, ಎಷ್ಟು ಬಾಗಿಲು ಇವೆ ಎಂದು ತಿಳಿಸಿದರೆ ಸಾಲು ಎಲ್ಲಿ ಹಾಯಬೇಕೆಂದು ಇನ್ನಷ್ಟು ಸ್ಪಷ್ಟವಾಗಿ ಹೇಳಬಲ್ಲೆ.