ಹಳೆಯ ತೋಟಾಗಳಿಗೆ ಬೇರೆ ಮದ್ದು ತುಂಬಬಹುದೇ?

ಔರಾದಿನಲ್ಲಿ ನಿಮ್ಮ ಪರವಾನಗಿಯ .32 ರಿವಾಲ್ವರಿನ ಹಳೆಯ ತೋಟಾಗಳು ಸಿಡಿಯುತ್ತಿಲ್ಲ, ಅವುಗಳಿಗೆ ಬೇರೆ ಮದ್ದು ತುಂಬಬಹುದೇ ಎಂದು ಕೇಳಿದ್ದೀರಿ. ಅವು ಸಿಡಿಯದಿರುವುದಕ್ಕೆ ಮದ್ದಿಗಿಂತ ತೇವ ಹಿಡಿದ ಪ್ರೈಮರ್ (ತೋಟಾದ ತಳದಲ್ಲಿದ್ದು, ಹೊಡೆತ ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ಕಾರಣವಾಗಿರುವ ಸಂಭವವೇ ಹೆಚ್ಚು. ನೋಡದೆ ಖಚಿತವಾಗಿ ಹೇಳಲಾಗದು. ಅವುಗಳನ್ನು ಬಿಚ್ಚಿ ಬದಲಿ ಮದ್ದು ತುಂಬುವ ಯೋಚನೆಯನ್ನು ಮಾತ್ರ ಬಿಟ್ಟುಬಿಡಿ. ಹೊಗೆರಹಿತ ಮದ್ದುಗಳು ನೋಟಕ್ಕೆ ಒಂದೇ ತೆರನಾಗಿದ್ದರೂ ಉರಿಯುವ ವೇಗ ಬೇರೆಬೇರೆ. ವೇಗವಾಗಿ ಉರಿಯುವ ಮದ್ದು ಹಿತ್ತಾಳೆಯ ಕವಚದ ತಳವನ್ನಷ್ಟೇ ತುಂಬುವುದರಿಂದ, ತಪ್ಪಿ ಎರಡು ಪಾಲು ಬಿದ್ದರೂ ಗೊತ್ತಾಗದೆ, ತೋಟಾಗಳು ಕೂರುವ ಸಿಲಿಂಡರೇ ಒಡೆಯಬಹುದು. ಪಟಾಕಿ ಮದ್ದಿನ ಮಾತಂತೂ ಬೇಡವೇ ಬೇಡ. ಮೇಲಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ತೋಟಾ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಆಯುಧ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು.

ಇನ್ನೊಮ್ಮೆ ತೋಟಾ ಸಿಡಿಯದಿದ್ದರೆ ನಳಿಕೆಯನ್ನು ಸುರಕ್ಷಿತ ದಿಕ್ಕಿನಲ್ಲೇ ಹಿಡಿದು ಒಂದು ನಿಮಿಷ ಕಾಯಿರಿ, ಅನಂತರ ಸಿಲಿಂಡರ್ ತೆರೆದು ಪ್ರೈಮರಿನ ಮೇಲೆ ಪಿನ್ನು ಹೊಡೆದ ಗುರುತನ್ನು ನೋಡಿರಿ. ಗುರುತು ಆಳವಾಗಿದ್ದರೆ ದೋಷ ಬಹುತೇಕ ತೋಟಾದ್ದು. ತೆಳುವಾಗಿದ್ದರೆ ರಿವಾಲ್ವರಿನ ಸ್ಪ್ರಿಂಗ್ ಅಥವಾ ಪಿನ್ನಿನದಿರಬಹುದು, ಆಗ ಪರವಾನಗಿಯುಳ್ಳ ದುರಸ್ತಿಗಾರರಿಗೇ ತೋರಿಸಬೇಕು. ಸದ್ದು ಕ್ಷೀಣವಾಗಿ ಕೇಳಿಸಿದರೆ ಗುಂಡು ನಳಿಕೆಯಲ್ಲೇ ಸಿಲುಕಿರಬಹುದಾದ್ದರಿಂದ ಮತ್ತೆ ಹಾರಿಸಬೇಡಿರಿ. ಕೆಟ್ಟ ತೋಟಾಗಳನ್ನು ಹೇಗೆ ಒಪ್ಪಿಸಬೇಕೆಂದು ಠಾಣೆಯಲ್ಲಿ ಮೊದಲು ವಿಚಾರಿಸಿ, ಅಧಿಕೃತ ಮಾರಾಟಗಾರರಲ್ಲಿ ಪರವಾನಗಿಯ ಮಿತಿಯೊಳಗೆ ಹೊಸವನ್ನು ಕೊಳ್ಳಿರಿ. ಅವನ್ನು ಚರ್ಮದ ಪಟ್ಟಿಯಲ್ಲಿ ಇಡಬೇಡಿರಿ, ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ.