ದೂರದೃಷ್ಟಿಗೊಂದು ಕನ್ನಡಕ

ಜಯನಗರದ ಓದುಗರೊಬ್ಬರ ಪತ್ರ: ‘ಹೋದ ಸಂಚಿಕೆಯಲ್ಲಿ ವಿಷನ್ ಸ್ಟೇಟ್‌ಮೆಂಟನ್ನು “ಮುನ್ನೋಟದ ಮಾತು” ಎಂದು ಬರೆದಿದ್ದೀರಿ. ನಮ್ಮ ಆಫೀಸಿನಲ್ಲಿ ಎಲ್ಲರೂ ನಕ್ಕರು. ವಿಷನ್ ಎಲ್ಲರಿಗೂ ಗೊತ್ತು, ಹಾಗೇ ಬಿಡಬಾರದೇ?’

ಸಂ: ಬಿಡಬಹುದು ಸ್ವಾಮಿ. ಬಸ್ಸು, ಕಾಫಿ, ರೇಷನ್ ಕಾರ್ಡು ಬಂದು ಕೂತ ಮನೆಗೆ ಇನ್ನೊಬ್ಬ ನೆಂಟ ಭಾರವೇನಲ್ಲ. ಆದರೆ ಈ ನೆಂಟ ಬಂದಮೇಲೆ ಮನೆಯವರೆಲ್ಲ ಜಗಲಿಯಲ್ಲಿ ಮಲಗುವಂತಾಗಿದೆ. ಕಣ್ಣಿನ ಡಾಕ್ಟರು ನೋಡುವುದು ದೃಷ್ಟಿ. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಮಗುವಿಗೆ ತೆಗೆಯುವುದೂ ದೃಷ್ಟಿಯೇ. ಒಂದು ಉಳಿಯಬೇಕು, ಇನ್ನೊಂದು ಹೋಗಬೇಕು! ತಿರುಪತಿಯಲ್ಲಿ ಕ್ಯೂ ನಿಂತರೆ ದರ್ಶನ, ಸಾಂಖ್ಯ-ಯೋಗಗಳೂ ದರ್ಶನ. ಕವಿಗೆ ದಕ್ಕುವುದು ಕಾಣ್ಕೆ. ಅದರ ಒಡಹುಟ್ಟು ಕಾಣಿಕೆ ಹುಂಡಿಗೆ ಬೀಳುತ್ತದೆ. ಇಷ್ಟೊಂದು ಬಳಗ ಬಿಟ್ಟು ಒಂದೇ ಪದ ಹಿಡಿದವರು ನಗಬೇಕೋ, ನಾವೋ?

ಹೋದ ತಿಂಗಳು ಚಿಕ್ಕಪೇಟೆಯ ಕನ್ನಡಕದಂಗಡಿಗೆ ಹೋಗಿದ್ದೆ. ಅಂಗಡಿ ಉದ್ದ ಮೂರೇ ಮೀಟರು, ಪರೀಕ್ಷೆಗೆ ಬೇಕಾದ್ದು ಆರು. ಅದಕ್ಕೇ ತಲೆಯ ಹಿಂದೆ ತಿರುಗುಮುರುಗು ಅಕ್ಷರದ ಚಾರ್ಟು, ಎದುರಿಗೆ ಕನ್ನಡಿ. ನನ್ನ ಸರದಿ ಬರುವಷ್ಟರಲ್ಲಿ ಮುಂದಿದ್ದವರ ಬಾಯಲ್ಲಿ ಕೇಳಿ ಕೇಳಿ ಕೊನೇ ಸಾಲು ಕಂಠಪಾಠವಾಗಿತ್ತು. ಗಡಗಡ ಒಪ್ಪಿಸಿದೆ. ಹುಡುಗ, ‘ಈಗ ಬಲದಿಂದ ಎಡಕ್ಕೆ ಓದಿ ಸಾರ್’ ಅಂದ. ಸಿಕ್ಕಿಬಿದ್ದೆ. ವಿಷನ್ ಸ್ಟೇಟ್‌ಮೆಂಟುಗಳನ್ನೂ ಹೀಗೊಮ್ಮೆ ತಿರುಗಿಸಿ ಓದಿಸಬೇಕು ಅನ್ನಿಸಿತು.

ಇನ್ನು ‘ದೂರದೃಷ್ಟಿಯ ನಾಯಕ’ರ ಮಾತು. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ದೂರದೃಷ್ಟಿ ಎನ್ನುವುದು ಒಂದು ದೋಷ: ದೂರದ್ದು ಕಾಣುತ್ತದೆ, ಹತ್ತಿರದ್ದು ಮಸುಕು; ಪರಿಹಾರ, ಪೀನ ಮಸೂರ. ನಮ್ಮ ಊರಿಗೆ ಈ ದೋಷ ಇವತ್ತಿನದಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಎರಡಕ್ಕೂ ಆಗ ಯಾರದೋ ಮುನ್ನೋಟ ಇದ್ದೇ ಇದ್ದಿರಬೇಕು. ಕಾಲಡಿಯ ನೀರು ಮಾತ್ರ ಕಾಣಲಿಲ್ಲ.

ನಿಮ್ಮ ಸಹೋದ್ಯೋಗಿಗಳು ನಗಲಿ, ಪತ್ರ ಬರೆದವರು ನೀವೊಬ್ಬರೇ, ಅದು ದೊಡ್ಡದು. ಒಮ್ಮೆ ನಮ್ಮ ಕಚೇರಿಗೆ ಬನ್ನಿ, ಬೈಟೂ ಕಾಫಿ ಕುಡಿಯೋಣ. ಬರುವಾಗ ಜೋಪಾನ: ಗೇಟಿನ ಮುಂದೆ ಮಳೆಗಾಲದಲ್ಲಿ ಮುರಿದ ಚರಂಡಿ ಚಪ್ಪಡಿ ಇನ್ನೂ ಹಾಗೇ ಬಾಯಿ ತೆರೆದಿದೆ. ಯಾರೋ ಪುಣ್ಯಾತ್ಮರು ಅದರೊಳಗೆ ಹೊಂಗೆ ಕೊಂಬೆಯೊಂದನ್ನು ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿ ಹೋಗಿದ್ದಾರೆ. ಅವರ ವಿಳಾಸ ಸಿಕ್ಕರೆ ತಿಳಿಸಿ. ಒಂದು ವರ್ಷದ ಚಂದಾ ಪುಕ್ಕಟೆ.