ಐದನೇ ದಿನಕ್ಕೆ ಮುಟ್ಟದ ಭ್ರೂಣ

ಪ್ರಶ್ನೆ: ನನಗೆ 37 ವರ್ಷ. ಐವಿಎಫ್‌ನಲ್ಲಿ ಐದು ಭ್ರೂಣಗಳಾದವು. ಮೂರನೇ ದಿನ ಎಲ್ಲವೂ ಚೆನ್ನಾಗಿದ್ದವು, ಐದನೇ ದಿನಕ್ಕೆ ಒಂದೂ ಉಳಿಯಲಿಲ್ಲ. ಅಂಡಾಣುವಿನ ಮೈಟೊಕಾಂಡ್ರಿಯ ದುರ್ಬಲವಾಗಿರಬಹುದು ಎಂದರು ಡಾಕ್ಟರು. ಕೋಎಂಜೈಮ್ ಕ್ಯೂ10 ಮಾತ್ರೆಯಿಂದ ಇದು ಸರಿಹೋದೀತೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ಡಾಕ್ಟರು ಹೇಳಿದ್ದು ಸಾಧ್ಯ, ಆದರೆ ಅದು ಊಹೆ. ಮೈಟೊಕಾಂಡ್ರಿಯ ಎಂದರೆ ಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಪುಟ್ಟ ಭಾಗ. ಅಂಡಾಣುವನ್ನು ಕೆಡಿಸದೆ ಅದರ ಮೈಟೊಕಾಂಡ್ರಿಯದ ಬಲ ಅಳೆಯುವ ಪರೀಕ್ಷೆ ಆಸ್ಪತ್ರೆಗಳ ದಿನಬಳಕೆಗೆ ಇನ್ನೂ ಬಂದಿಲ್ಲ.

ಪಕ್ವವಾದ ಅಂಡಾಣುವಿನಲ್ಲಿ ಮೈಟೊಕಾಂಡ್ರಿಯಗಳು ಲಕ್ಷದ ಲೆಕ್ಕದಲ್ಲಿರುತ್ತವೆ. ವೀರ್ಯಾಣುವಿನಲ್ಲಿ ನೂರೂ ಇರುವುದಿಲ್ಲ, ಅವನ್ನೂ ಅಂಡಾಣು ಒಳಗೆ ಬಂದ ಮೇಲೆ ನಾಶಮಾಡುತ್ತದೆ. ಭ್ರೂಣ ಎರಡು, ನಾಲ್ಕು, ಎಂಟು ಕೋಶಗಳಾಗಿ ಒಡೆಯುವಾಗ ಮೈಟೊಕಾಂಡ್ರಿಯದ ಡಿಎನ್‌ಎ ಹೆಚ್ಚುವುದಿಲ್ಲ. ದೂರದ ದಾರಿಗೆ ಕಟ್ಟಿಕೊಟ್ಟ ಬುತ್ತಿಯ ಹಾಗೆ, ತಾಯಿ ಕೊಟ್ಟಷ್ಟನ್ನೇ ಎಲ್ಲ ಕೋಶಗಳೂ ಹಂಚಿಕೊಳ್ಳಬೇಕು. ಹೊಸ ಪ್ರತಿಗಳು ತಯಾರಾಗತೊಡಗುವುದು ಐದನೇ ದಿನದ ಹೊತ್ತಿಗೆ, ಭ್ರೂಣ ಗರ್ಭಕೋಶಕ್ಕೆ ಅಂಟಲು ಸಿದ್ಧವಾಗುವ ಬ್ಲಾಸ್ಟೊಸಿಸ್ಟ್ ಹಂತದಲ್ಲಿ.

ಶಕ್ತಿಯ ಕೊರತೆ ಇದಕ್ಕೂ ಮೊದಲೇ ಪೆಟ್ಟು ಕೊಡಬಲ್ಲದು. ಅಂಡಾಣು ತನ್ನ ವರ್ಣತಂತುಗಳಲ್ಲಿ (ಕ್ರೋಮೊಸೋಮ್) ಅರ್ಧವನ್ನು ಹೊರಹಾಕುವಾಗ ಅವನ್ನು ಎಳೆಯುವ ಸೂಕ್ಷ್ಮ ನಾಳಗಳ ಕದಿರಿಗೆ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಬೇಕು. ಅದು ಸಾಲದೆ ಕದಿರು ಸೊಟ್ಟಗಾದರೆ 23ರ ಬದಲು 22 ಅಥವಾ 24 ವರ್ಣತಂತುಗಳು ಉಳಿಯಬಹುದು. ಅಂಥ ಅಂಡಾಣುವಿನಿಂದಾದ ಭ್ರೂಣ ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ಆದರೆ 37ರಲ್ಲಿ ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಡುವ ಪ್ರೋಟೀನೂ ಸವೆದಿರುತ್ತದೆ. ನೀವು ಹುಟ್ಟುವ ಮೊದಲೇ ಅಂಡಾಣುಗಳಲ್ಲಿ ಸೇರಿದ್ದ ಪ್ರೋಟೀನ್ ಅದು. ಆ ಸವೆತವನ್ನು ಯಾವ ಮಾತ್ರೆಯೂ ತುಂಬಿಕೊಡದು.

ಕ್ಯೂ10 ಬಗ್ಗೆ: ಇದು ಮೈಟೊಕಾಂಡ್ರಿಯ ಶಕ್ತಿ ತಯಾರಿಸಲು ನೆರವಾಗುವ ವಸ್ತು. ವಯಸ್ಸಾದ ಇಲಿಗಳಲ್ಲಿ ಫಲ ಕಂಡಿದೆ. ಚೀನಾದಲ್ಲಿ 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಂಡಾಣುಗಳ ದಾಸ್ತಾನು ಕಡಿಮೆಯಿದ್ದ 35ಕ್ಕಿಂತ ಚಿಕ್ಕ ಮಹಿಳೆಯರಿಗೆ ದಿನಕ್ಕೆ 600 ಮಿಲಿಗ್ರಾಂನಂತೆ 60 ದಿನ ಕೊಟ್ಟರು. ಒಳ್ಳೆಯ ಭ್ರೂಣಗಳು ಹೆಚ್ಚಿದವು, ಆದರೆ ಮಗು ಹುಟ್ಟಿದವರ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ತೆಗೆದುಕೊಳ್ಳುವುದಾದರೆ ಪ್ರಮಾಣವನ್ನು ಡಾಕ್ಟರೇ ಹೇಳಲಿ. ಇದು ಕೊಬ್ಬಿನಲ್ಲಿ ಕರಗುವ ವಸ್ತು, ಖಾಲಿ ಹೊಟ್ಟೆಗೆ ಬೇಡ, ಊಟದ ಜೊತೆ ನುಂಗಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಅದರ ಪರಿಣಾಮ ಕುಗ್ಗಬಹುದು. ಅಂಡಾಣುವಿನ ಕೊನೆಯ ಬೆಳವಣಿಗೆಗೆ ಸುಮಾರು ಮೂರು ತಿಂಗಳು ಹಿಡಿಯುವುದರಿಂದ ಹತ್ತು ದಿನ ನುಂಗಿ ಫಲ ನೋಡುವಂತಿಲ್ಲ. ಹಾಗೆಂದು ಮಾತ್ರೆಯ ಭರವಸೆಯಲ್ಲಿ ವರ್ಷ ಕಳೆಯಬೇಡಿ. ನಿಮ್ಮ ವಯಸ್ಸಿನಲ್ಲಿ ಆರು ತಿಂಗಳೂ ದೊಡ್ಡ ನಷ್ಟ.

ಇನ್ನೊಂದು ಮಾತು. ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ ಭ್ರೂಣದ ಸ್ವಂತ ಜೀನುಗಳು ಕೆಲಸಕ್ಕಿಳಿಯುತ್ತವೆ, ಅವುಗಳಲ್ಲಿ ತಂದೆಯ ಪಾಲೂ ಇದೆ. ಮೂರನೇ ದಿನದ ನಂತರ ನಿಂತಿವೆ ಎಂದಮೇಲೆ ನಿಮ್ಮ ಯಜಮಾನರ ವೀರ್ಯಾಣುವಿನ ಡಿಎನ್‌ಎ ಒಡಕಿನ ಪರೀಕ್ಷೆಯ ಬಗ್ಗೆಯೂ ಕೇಳಿ. ತಪ್ಪೆಲ್ಲ ನಿಮ್ಮದೇ ಎಂದು ಕೊರಗಬೇಡಿ.

ಪ್ರಶ್ನೆ: ನಮ್ಮ ಅಂಡಾಣುವಿಗೆ ನಮ್ಮದೇ ಮೈಟೊಕಾಂಡ್ರಿಯ ಚುಚ್ಚಿದರೆ ಬಲ ಬರುತ್ತದಂತೆ, ನಿಜವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸ್ಪೇನಿನಲ್ಲಿ ಸರಿಯಾಗಿ ಹೋಲಿಸಿ ನೋಡಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಲಾಭ ಕಾಣಲಿಲ್ಲ. ಇದಕ್ಕೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಅಕ್ಕನ ಮಗುವಿಗೆ ಮೈಟೊಕಾಂಡ್ರಿಯದ ಕಾಯಿಲೆ. ನನ್ನ ಮಗುವಿಗೂ ಬರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ದೋಷ ಯಾವ ಜೀನಿನಲ್ಲಿದೆ ಎಂದು ಮಗುವಿನ ವರದಿಯಲ್ಲಿ ಮೊದಲು ನೋಡಿ. ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯಲ್ಲಿರುವ ಜೀನುಗಳು 37 ಮಾತ್ರ. ಉಳಿದ ನೂರಾರು ಕೋಶಕೇಂದ್ರದಲ್ಲಿವೆ, ಮಕ್ಕಳಲ್ಲಿ ಈ ಕಾಯಿಲೆಗೆ ಹೆಚ್ಚಾಗಿ ಕಾರಣವೂ ಅವೇ. ಹಾಗಿದ್ದರೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಿರಬೇಕು. ನಿಮ್ಮ ಯಜಮಾನರು ಸಂಬಂಧದಲ್ಲೇ ಆಗಿದ್ದರೆ ಅವರ ರಕ್ತವನ್ನೂ ಪರೀಕ್ಷಿಸಿ.

ದೋಷ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲೇ ಇದ್ದರೆ ಅದು ನಿಮ್ಮಮ್ಮನಿಂದ ನಿಮಗೂ ಬಂದಿರಬಹುದು. ಕೆಟ್ಟ ಪ್ರತಿಗಳ ಪಾಲು ಒಂದೊಂದು ಅಂಡಾಣುವಿನಲ್ಲಿ ಒಂದೊಂದು ತರಹ ಇರುವುದರಿಂದ ರಕ್ತಪರೀಕ್ಷೆ ಚೆನ್ನಾಗಿದೆ ಎಂಬುದೊಂದರಿಂದಲೇ ನಿಶ್ಚಿಂತೆ ಸಲ್ಲದು, ಮೂತ್ರದ ಮಾದರಿಯನ್ನೂ ಕೊಡಿ. ಭ್ರೂಣವನ್ನು ಪರೀಕ್ಷಿಸಿ ಕೆಟ್ಟ ಪಾಲು ಕಡಿಮೆಯಿರುವುದನ್ನು ಆರಿಸುವುದು, ದಾನಿಯ ಅಂಡಾಣು ಪಡೆಯುವುದು – ಇವೆರಡು ದಾರಿಗಳಿವೆ. ದಾನಿಯ ಮೈಟೊಕಾಂಡ್ರಿಯ ಬಳಸುವ ವಿಧಾನಕ್ಕೆ ಬ್ರಿಟನ್ 2015ರಲ್ಲಿ ಕಾನೂನಿನ ಒಪ್ಪಿಗೆ ಕೊಟ್ಟಿತು. ಅಲ್ಲಿನ ನ್ಯೂಕ್ಯಾಸಲ್ ತಂಡ ಎಂಟು ಮಕ್ಕಳು ಹುಟ್ಟಿದ್ದನ್ನು 2025ರಲ್ಲಿ ವರದಿ ಮಾಡಿದೆ. ಗರ್ಭ ನಿಲ್ಲುವ ಮೊದಲೇ, ಅಕ್ಕನ ಮಗುವಿನ ವರದಿಯ ಪ್ರತಿ ಹಿಡಿದು ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ.